ಹಾವು ಕಚ್ಚಿದ ಮಕ್ಕಳ ಚಿಕಿತ್ಸೆಯೂ ಊರ ಪ್ರಮುಖರ ಕರ್ತವ್ಯವೂ

ಕಾಳು ಇರುವಲ್ಲಿ ಇಲಿಯೂ, ಇಲಿ ಇರುವಲ್ಲಿ ಹಾವೂ ಇರುವುದು ಸ್ವಾಭಾವಿಕವು. ಕುಂದಗೋಳ ತಾಲೂಕಿನ ಕುಬಿಹಾಳ ಮೊದಲಾದ ಎರೆಭೂಮಿಯ ಗ್ರಾಮಗಳಲ್ಲಿ ಬೇಸಿಗೆಗೆ ನೆಲವು ಬಿರಿದು ಉಂಟಾಗುವ ಬಿರುಕುಗಳು ಇವೆರಡಕ್ಕೂ ಆಶ್ರಯವಾಗುತ್ತವೆ. ಮಳೆ ಬಿದ್ದು ಬಿರುಕುಗಳು ಮುಚ್ಚಿದೊಡನೆ ಅವು ಬದುವಿಗೂ ಬಣವಿಗೂ ಹಿತ್ತಿಲಿಗೂ ಬಂದು ಸೇರುತ್ತವೆ. ಮುಂಗಾರಿ ಕೆಲಸಕ್ಕಾಗಿ ಹೊಲಕ್ಕೆ ಹೋಗುವ ತಾಯಂದಿರ ಸಂಗಡ ಮಕ್ಕಳು ಬರಿಗಾಲಿನಲ್ಲಿ ಹೋಗುವುದೂ ಇದೇ ಕಾಲದಲ್ಲಿಯೇ. ಆದಕಾರಣ ಈ ವಿಷಯವು ವೈದ್ಯರಿಗೆ ಮಾತ್ರವಲ್ಲದೆ ಊರ ಹಿರಿಯರಿಗೂ ಭೂಮಾಲೀಕರಿಗೂ ಸಂಬಂಧಪಟ್ಟದ್ದಾಗಿದೆ.

೨೦೦೦ದಿಂದ ೨೦೧೯ರ ವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ಮೃತರಾದವರ ಸಂಖ್ಯೆಯು ಸುಮಾರು ೧೨ ಲಕ್ಷವೆಂದು ಅಂದಾಜು ಮಾಡಲ್ಪಟ್ಟಿದೆ. ಎಂದರೆ ವರ್ಷಕ್ಕೆ ಸರಾಸರಿ ೫೮,೦೦೦. ಇವರಲ್ಲಿ ಹೆಚ್ಚಿನವರು ಹಳ್ಳಿಯವರೇ. ೨೦೨೪ನೆಯ ಇಸವಿಯ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವು ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡತಕ್ಕ ವ್ಯಾಧಿಗಳ ಪಟ್ಟಿಗೆ ಸೇರಿಸಿತು. ಅದರಂತೆ ಸರಕಾರಿ ದವಾಖಾನೆಗಳು ಮಾತ್ರವಲ್ಲದೆ ಖಾಸಗಿ ದವಾಖಾನೆಗಳೂ ಇಂಥ ಪ್ರತಿಯೊಂದು ಪ್ರಕರಣವನ್ನು ತಿಳಿಸತಕ್ಕದ್ದಾಗಿದೆ. ಆದರೆ ಮಗುವು ದವಾಖಾನೆಯನ್ನು ಮುಟ್ಟದಿದ್ದರೆ ಯಾವ ಕಾನೂನೂ ಅದನ್ನು ಉಳಿಸಲಾರದು.

ಮಕ್ಕಳ ವಿಷಯದಲ್ಲಿ ಮುಖ್ಯವಾಗಿ ತಿಳಿಯತಕ್ಕ ಸಂಗತಿಯೊಂದಿದೆ. ಕಚ್ಚುವ ಹಾವು, ಎದುರಿನದು ಮಗುವೋ ದೊಡ್ಡವರೋ ಎಂದು ನೋಡಿ ವಿಷವನ್ನು ಅಳೆದು ಬಿಡುವುದಿಲ್ಲ. ಅಷ್ಟೇ ವಿಷವು ಚಿಕ್ಕ ದೇಹದಲ್ಲಿ ಸೇರುವುದರಿಂದ ಅದರ ವೇಗವೂ ಉಗ್ರತೆಯೂ ಅಧಿಕವಾಗುತ್ತವೆ. ಇತರ ಔಷಧಗಳನ್ನು ಮಗುವಿನ ತೂಕಕ್ಕೆ ತಕ್ಕಂತೆ ಕಡಿಮೆ ಕೊಡುವುದು ಪದ್ಧತಿ. ಹಾವಿನ ಪ್ರತಿವಿಷವನ್ನು ಹಾಗೆ ಕಡಿಮೆ ಮಾಡಕೂಡದು. ಕೊಳಕುಮಂಡಲವು ಒಂದು ಕಡಿತಕ್ಕೆ ಸರಾಸರಿ ೬೩ ಮಿಲಿಗ್ರಾಂ ವಿಷವನ್ನು ಬಿಡುತ್ತದೆ. ಭಾರತದಲ್ಲಿ ತಯಾರಾಗುವ ಪ್ರತಿವಿಷದ ೧ ಮಿಲಿಲೀಟರು ಈ ವಿಷದ ೦.೬ ಮಿಲಿಗ್ರಾಮನ್ನು ಮುರಿಯುತ್ತದೆ. ೧೦ ಮಿಲಿಲೀಟರಿನ ಹತ್ತು ಸೀಸೆಗಳಿಂದ ಸುಮಾರು ೬೦ ಮಿಲಿಗ್ರಾಂ ಮುರಿದಂತಾಯಿತು. ಮುರಿಯಬೇಕಾದದ್ದು ವಿಷವೇ ಹೊರತು ಮಗುವಿನ ತೂಕವಲ್ಲವಾದ್ದರಿಂದ ವಿಷವೇರಿದ ಲಕ್ಷಣಗಳು ಕಂಡಲ್ಲಿ ಮಗುವಿಗೂ ದೊಡ್ಡವರಷ್ಟೇ, ಎಂದರೆ ಮೊದಲಿಗೆ ೮ರಿಂದ ೧೦ ಸೀಸೆ ಕೊಡುವುದು ಕ್ರಮವಾಗಿದೆ. "ಸಣ್ಣ ಕೂಸಿಗೆ ಇಷ್ಟೊಂದು ಔಷಧವೇಕೆ?" ಎಂದು ಮನೆಯವರು ಗಾಬರಿಪಡಬೇಕಾದ ಕಾರಣವಿಲ್ಲ.

ಪ್ರಾಣಹಾನಿ ಮಾಡುವ ಹಾವುಗಳಲ್ಲಿ ಮುಖ್ಯವಾದವು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷವು ನಡೆಯುತ್ತದೆ. ಆದ್ದರಿಂದ ಹಾವನ್ನು ಹುಡುಕಿ ಕೊಲ್ಲುತ್ತ ವೇಳೆಯನ್ನು ಕಳೆಯತಕ್ಕದ್ದಲ್ಲ. ಮಂಡಲದ ಹಾವು ಕಚ್ಚಿದರೆ ಬಾವು, ನೋವು, ಒಸಡಿನಲ್ಲಿ ರಕ್ತ ಕಾಣುವುದು, ಮೂತ್ರ ಕಡಿಮೆಯಾಗುವುದು ಮುಂತಾದ ಲಕ್ಷಣಗಳು ತೋರಬಹುದು. ನಾಗರಹಾವು, ಕಟ್ಟುಹಾವುಗಳ ವಿಷದಿಂದ ರೆಪ್ಪೆಗಳು ಜೋತುಬಿದ್ದು, ನುಂಗಲು ಬಾರದೆ, ಕಡೆಗೆ ಉಸಿರು ನಿಲ್ಲುತ್ತದೆ. ಕಪ್ಪು ಮೈಮೇಲೆ ಬಿಳಿಯ ಅಡ್ಡಪಟ್ಟೆಗಳುಳ್ಳ ಕಟ್ಟುಹಾವು ವಿಶೇಷವಾಗಿ ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುವುದು. ಅದರ ಕಡಿತದಲ್ಲಿ ನೋವೂ ಗಾಯವೂ ಕಾಣದೆ ಹೋಗಬಹುದು. ರಾತ್ರಿ ಸ್ವಸ್ಥವಾಗಿ ಮಲಗಿದ ಮಗುವು ಬೆಳಗಿನ ಜಾವದಲ್ಲಿ ಹೊಟ್ಟೆನೋವೆಂದು ಅತ್ತು, ವಾಂತಿ ಮಾಡಿ, ಕಣ್ಣು ತೆರೆಯಲಾರದಾದರೆ ಅದನ್ನು ಅಜೀರ್ಣವೆಂದೂ ದೃಷ್ಟಿಯಾಯಿತೆಂದೂ ಭಾವಿಸದೆ ಒಡನೆ ದವಾಖಾನೆಗೆ ಒಯ್ಯತಕ್ಕದ್ದು.

ಕಚ್ಚಿದ ಕೂಡಲೆ ಮಗುವನ್ನು ಸಮಾಧಾನಪಡಿಸಿ ಮಲಗಿಸಬೇಕು. ಬಳೆ, ಕಾಲ್ಗಡಗ, ಉಂಗುರಗಳನ್ನು ಬಾವು ಬರುವ ಮೊದಲೇ ತೆಗೆಯಬೇಕು. ಕಚ್ಚಿದ ಕೈಯನ್ನಾಗಲಿ ಕಾಲನ್ನಾಗಲಿ ಮುರಿದ ಎಲುಬಿಗೆ ದಬ್ಬೆ ಕಟ್ಟುವಂತೆ ಹಲಗೆಗೆ ಸಡಿಲಾಗಿ ಕಟ್ಟಿ ಅಲುಗದಂತೆ ಇಡಬೇಕು. ಮಗುವನ್ನು ನಡೆಯಿಸದೆ ಎತ್ತಿಕೊಂಡೇ ಹೋಗಬೇಕು. ವಾಂತಿಯಾಗುತ್ತಿದ್ದರೆ ಎಡಮಗ್ಗುಲಿಗೆ ಮಲಗಿಸಬೇಕು. ಗಾಯವನ್ನು ಕೊಯ್ಯುವುದು, ಬಾಯಿಂದ ಹೀರುವುದು, ಸುಡುವುದು, ಸೊಪ್ಪಿನ ರಸ ಕುಡಿಸುವುದು ಇವೆಲ್ಲ ವರ್ಜ್ಯ. ಹಗ್ಗದಿಂದ ಬಿಗಿಯಾಗಿ ಕಟ್ಟುವುದು ಅಂಗವನ್ನು ಕೊಳೆಯಿಸಬಹುದು. ಯಾರಾದರೂ ಈಗಾಗಲೇ ಕಟ್ಟಿದ್ದರೆ ಅದನ್ನು ದಾರಿಯಲ್ಲಿ ಬಿಚ್ಚದೆ ವೈದ್ಯರ ಎದುರಿಗೇ ಬಿಚ್ಚಿಸತಕ್ಕದ್ದು.

ಮಂತ್ರದಿಂದ ಗುಣವಾದವರನ್ನು ಕಂಡಿದ್ದೇವೆಂದು ಹಲವರು ಹೇಳುವುದು ಸುಳ್ಳಲ್ಲ. ಆದರೆ ಕಚ್ಚುವ ಹಾವುಗಳಲ್ಲಿ ಬಹಳಷ್ಟು ವಿಷವಿಲ್ಲದವು. ವಿಷದ ಹಾವು ಕೂಡ ಕೆಲವೊಮ್ಮೆ ವಿಷವನ್ನು ಬಿಡದೆಯೇ ಕಚ್ಚುತ್ತದೆ. ಹೀಗೆ ತಾನಾಗಿ ಬದುಕುವವರ ಕೀರ್ತಿಯು ಮಂತ್ರಕ್ಕೆ ಸಲ್ಲುತ್ತದೆ. ನಿಜವಾಗಿ ವಿಷವೇರಿದ ಮಗುವಿಗೆ ಆ ಒಂದೆರಡು ತಾಸುಗಳೇ ಆಯುಷ್ಯವಾಗಿರುತ್ತವೆ. ಕಟ್ಟುಹಾವಿನ ವಿಷವು ಒಮ್ಮೆ ನರಗಳನ್ನು ಹಿಡಿದ ಮೇಲೆ ಪ್ರತಿವಿಷವು ಅದನ್ನು ಬಿಡಿಸಲಾರದು. ಆಗ ಯಂತ್ರದಿಂದ ಉಸಿರಾಡಿಸುವುದೊಂದೇ ಉಪಾಯವಾಗಿ ಉಳಿಯುತ್ತದೆ.

ದವಾಖಾನೆಯಲ್ಲಿ ೨ ಮಿಲಿಲೀಟರು ರಕ್ತವನ್ನು ಒಣಗಿದ ಗಾಜಿನ ನಳಿಗೆಯಲ್ಲಿ ೨೦ ನಿಮಿಷ ಇಟ್ಟು, ಹೆಪ್ಪುಗಟ್ಟುವುದೋ ಇಲ್ಲವೋ ಎಂದು ನೋಡುತ್ತಾರೆ. ಪ್ರತಿವಿಷವು ಕುದುರೆಯ ರಕ್ತದಿಂದ ತಯಾರಾದದ್ದರಿಂದ ಕೆಲವರಿಗೆ ಅದು ಒಗ್ಗದೆ ಮೈ ತುರಿಸುವುದು, ಉಸಿರು ಕಟ್ಟುವುದು ಉಂಟು. ಅದಕ್ಕೆ ಔಷಧವೂ ವೈದ್ಯರ ಬಳಿಯಲ್ಲಿಯೇ ಇರುವುದರಿಂದ ಈ ಚಿಕಿತ್ಸೆಯನ್ನು ದವಾಖಾನೆಯಲ್ಲಿಯೇ ಮಾಡಿಸಬೇಕಾಗಿದೆ.

ಹೆಚ್ಚಿನ ಚಿಕಿತ್ಸೆ ಬೇಕಾದಲ್ಲಿ ಕುಬಿಹಾಳದಂತಹ ಗ್ರಾಮಗಳಿಗೆ ಹುಬ್ಬಳ್ಳಿಯ ದೊಡ್ಡ ದವಾಖಾನೆಗಳು ದೂರವಲ್ಲ. ಬಹುಶಃ ವೇಳೆ ಕಳೆಯುವುದು ದಾರಿಯಲ್ಲಲ್ಲ, ಹೊಸ್ತಿಲ ಒಳಗೆ ನಡೆಯುವ ವಿಚಾರದಲ್ಲಿ. ಆದ್ದರಿಂದ ಊರ ಪ್ರಮುಖರು ಮಳೆಗಾಲದ ಮುಂಚೆಯೇ ಮೂರು ಏರ್ಪಾಡುಗಳನ್ನು ಮಾಡತಕ್ಕದ್ದು. ಸಮೀಪದ ಯಾವ ಸರಕಾರಿ ದವಾಖಾನೆಯಲ್ಲಿ ಪ್ರತಿವಿಷವು ಸಿದ್ಧವಿದೆಯೆಂದು ವಿಚಾರಿಸಿ ಡಂಗುರ ಸಾರಿಸುವುದು ಒಂದು. ೧೦೮ರ ಗಾಡಿ ತಡವಾದಲ್ಲಿ ಅರ್ಧರಾತ್ರಿಯಲ್ಲಿಯೂ ಹೊರಡುವ ವಾಹನವನ್ನೂ ಚಾಲಕನನ್ನೂ ಗೊತ್ತುಮಾಡಿಡುವುದು ಎರಡನೆಯದು. ಮಂತ್ರ ಹಾಕುವವರನ್ನು ಜರೆಯದೆ, ಕಡಿತದವರು ಬಂದೊಡನೆ ದವಾಖಾನೆಗೆ ಕಳಿಸುವಂತೆ ಅವರನ್ನು ಒಪ್ಪಿಸುವುದು ಮೂರನೆಯದು.

ಭೂಮಾಲೀಕರು ಬಣವಿ, ಕುಳ್ಳು, ಹತ್ತಿಕಟ್ಟಿಗೆಗಳನ್ನು ಮಲಗುವ ಮನೆಯಿಂದ ದೂರ ಒಟ್ಟಿಸತಕ್ಕದ್ದು. ಕಾಳನ್ನು ಇಲಿ ಮುಟ್ಟದಂತೆ ಇಡಿಸತಕ್ಕದ್ದು. ಕಣದಲ್ಲಿ ರಾತ್ರಿ ತಂಗುವ ಆಳುಗಳ ಮಕ್ಕಳಿಗೆ ಹೊರಸನ್ನೂ ಸೊಳ್ಳೆಪರದೆಯನ್ನೂ ದೀಪವನ್ನೂ ಒದಗಿಸಬೇಕು. ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದರೆ ಕಟ್ಟುಹಾವು ಒಳಗೆ ಬಾರದು. ಒಂದು ಪರದೆಯ ಬೆಲೆಯು ಒಕ್ಕಲುತನದ ಖರ್ಚಿನಲ್ಲಿ ಎಷ್ಟರದು? ದುಡಿಯಲು ಬಂದವರ ಮಕ್ಕಳು ಸುರಕ್ಷಿತವಾಗಿ ಮನೆಗೆ ಮರಳುವಂತೆ ನೋಡಿಕೊಳ್ಳುವುದು ಹೊಲದ ಒಡೆಯನ ಧರ್ಮವೇ ಆಗಿದೆ.