ಸಂಪರ್ಕವಿಲ್ಲದ ಹೊಲದಲ್ಲಿ ಬೆಳೆಯ ಲೆಕ್ಕ

ಬೆಳೆಯ ವಿವರಗಳನ್ನು ಕಾಗದದ ಪುಸ್ತಕಕ್ಕೆ ಬದಲಾಗಿ ಮೊಬೈಲಿನಲ್ಲಿ ಬರೆಯುವ ಪದ್ಧತಿಯು ಈಗ ರೂಢಿಗೆ ಬಂದಿರುವುದಷ್ಟೆ. ನಮ್ಮ ರಾಜ್ಯದಲ್ಲಿ 2020ನೆಯ ಇಸವಿಯ ಮುಂಗಾರಿನಲ್ಲಿ ರೈತರೇ ತಮ್ಮ ಬೆಳೆಯನ್ನು ಈ ಪ್ರಕಾರ ದಾಖಲೆ ಮಾಡುವ ಏರ್ಪಾಡೂ ಉಂಟಾಯಿತು. ಆದರೆ ಅಂತರ್ಜಾಲದ ಸಂಪರ್ಕವು ದೊರೆಯದ ಹೊಲಗದ್ದೆಗಳು ಮಲೆನಾಡಿನ ಕಣಿವೆಗಳಲ್ಲಿ ಇನ್ನೂ ಇವೆ.

ಕೆಲವು ವರ್ಷಗಳ ಹಿಂದೆ ಅಂಥದೊಂದು ಗ್ರಾಮದಲ್ಲಿ ನಾನು ಏಳು ಮಂದಿ ರೈತರ ಗದ್ದೆಗಳಲ್ಲಿ ಭತ್ತದ ಬೆಂಕಿರೋಗದ ನಷ್ಟವನ್ನು ಅಳೆದು, ಒಂದು ವೆಬ್ ಪುಟದಲ್ಲಿ ತುಂಬಿದೆನು. 'ಕಳುಹಿಸಿ' ಎಂಬುದನ್ನು ಒತ್ತಿದೊಡನೆ ಪುಟವು ಬರಿದಾಗಿ, ಬರೆದುದೆಲ್ಲವೂ ಅಳಿದುಹೋಯಿತು. ಮೂರು ದಿವಸಗಳ ತರುವಾಯ ಮರಳಿ ಹೋಗುವಷ್ಟರಲ್ಲಿ ಹಳ್ಳವು ಉಕ್ಕಿ ಇಬ್ಬರ ಗದ್ದೆಗಳು ಮುಳುಗಿದ್ದುವು. ಅವರಿಗೆ ರೋಗದಿಂದಾದ ನಷ್ಟವೆಷ್ಟೆಂಬುದಕ್ಕೆ ಆಧಾರವೇ ಉಳಿಯಲಿಲ್ಲ.

ರಾಗಿಯನ್ನು ಒಕ್ಕಿದ ರೈತನು ಸಂತೆಯ ಗಾಡಿ ಬರುವವರೆಗೂ ಅದನ್ನು ಕಣದಲ್ಲಿ ಬಿಟ್ಟಿರುವುದಿಲ್ಲ. ಮೊದಲು ಹಗೇವಿಗೆ ತುಂಬಿ, ಗಾಡಿ ದೊರೆತಾಗ ಸಾಗಿಸುತ್ತಾನೆ. ವೆಬ್ ಅಪ್ಲಿಕೇಷನ್ ಸಹ ಹೀಗೆಯೇ ನಡೆಯತಕ್ಕದ್ದು. ಇದಕ್ಕೆ ಅವಶ್ಯಕವಾದ ಅಂಶಗಳು ಮೂರು.

ಮೊದಲನೆಯದಾಗಿ, ಪುಟವೇ ಫೋನಿನಲ್ಲಿರಬೇಕು. 'ಸರ್ವೀಸ್ ವರ್ಕರ್' ಎಂಬುದು ಪುಟಕ್ಕೂ ಅಂತರ್ಜಾಲಕ್ಕೂ ನಡುವೆ ದ್ವಾರಪಾಲಕನಂತೆ ನಿಲ್ಲುವ ಕಿರು ಪ್ರೋಗ್ರಾಮು. ಸಂಪರ್ಕವಿರುವಾಗ ಅದು ಪುಟದ ಪ್ರತಿಯನ್ನು ಶೇಖರಿಸಿ, ಇಲ್ಲದಿರುವಾಗ ಆ ಪ್ರತಿಯನ್ನೇ ಒದಗಿಸುತ್ತದೆ. ಇದು ಕ್ರೋಮ್ ಬ್ರೌಸರಿಗೆ 2015ರಲ್ಲಿಯೂ ಸಫಾರಿಗೆ 2018ರಲ್ಲಿಯೂ ಬಂದಿತು. ಆದಕಾರಣ ಹೊಲಕ್ಕೆ ಹೊರಡುವ ಮುನ್ನ ಊರಿನಲ್ಲಿಯೇ ಪುಟವನ್ನು ಒಮ್ಮೆ ತೆರೆಯತಕ್ಕದ್ದು.

ಎರಡನೆಯದಾಗಿ, ಬರೆದ ಪ್ರತಿಯೊಂದು ಅಂಕಿಯೂ ಆ ಕ್ಷಣವೇ ಬ್ರೌಸರಿನೊಳಗಣ 'ಇಂಡೆಕ್ಸ್ಡ್ ಡಿಬಿ' ಎಂಬ ಉಗ್ರಾಣವನ್ನು ಸೇರಬೇಕು; 'ಕಳುಹಿಸಿ' ಎಂದು ಒತ್ತುವವರೆಗೂ ಕಾಯಕೂಡದು. 'ಫೋನಿನಲ್ಲಿದೆ', 'ಕಚೇರಿಗೆ ತಲುಪಿದೆ' ಎಂಬೆರಡು ಸ್ಥಿತಿಗಳನ್ನೂ ಪುಟವು ಬೇರೆಬೇರೆಯಾಗಿ ತೋರಿಸಬೇಕು.

ಮೂರನೆಯದಾಗಿ, ಸಂಪರ್ಕವು ಬಂದಾಗ ಶೇಖರವಾದುದನ್ನು ಸರದಿಯ ಪ್ರಕಾರ ಕಳುಹಿಸಬೇಕು. ದಾಖಲೆಯು ಸರ್ವರನ್ನು ತಲುಪಿದರೂ ಅದರ ಉತ್ತರವು ದಾರಿಯಲ್ಲಿ ತಪ್ಪುವುದುಂಟು; ಆಗ ಫೋನು ಅದನ್ನೇ ಪುನಃ ಕಳುಹಿಸಿ, ಒಂದು ಎಕರೆಯು ಎರಡಾಗಿ ಕಾಣುವುದು. ಇದನ್ನು ತಪ್ಪಿಸಲು ಪ್ರತಿ ದಾಖಲೆಗೂ ಹೊಲದಲ್ಲಿಯೇ ಒಂದು ಪ್ರತ್ಯೇಕ ಸಂಖ್ಯೆಯನ್ನು ಕೊಟ್ಟು, ಒಂದು ಸಂಖ್ಯೆಯ ದಾಖಲೆಯನ್ನು ಸರ್ವರು ಒಂದೇ ಸಾರಿ ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ಏರ್ಪಡಿಸಬೇಕು. ರಸೀದಿ ಬರುವವರೆಗೂ ಫೋನಿನ ಪ್ರತಿಯನ್ನು ಅಳಿಸಕೂಡದು.

ಆದರೂ ಈ ಉಗ್ರಾಣವು ಶಾಶ್ವತವಲ್ಲ. ಫೋನಿನಲ್ಲಿ ಸ್ಥಳವು ಸಾಲದಾದರೆ ಬ್ರೌಸರು ಅದನ್ನು ಬರಿದುಮಾಡಬಹುದು. ಅಲ್ಲದೆ ಪುಟವನ್ನು ಮುಚ್ಚಿದ ಮೇಲೂ ದಾಖಲೆಗಳನ್ನು ತಾನಾಗಿ ಕಳುಹಿಸುವ ಸೌಕರ್ಯವು ಎಲ್ಲಾ ಬ್ರೌಸರುಗಳಲ್ಲಿಯೂ ಇಲ್ಲ. ಆದ್ದರಿಂದ ಅದೇ ದಿವಸ ಸಂಜೆ ಸಂಪರ್ಕವಿರುವ ಸ್ಥಳದಲ್ಲಿ ಪುಟವನ್ನು ತೆರೆದು, ಎಲ್ಲವೂ ತಲುಪಿತೇ ಎಂದು ನೋಡುವುದು ಉತ್ತಮ.

ಪರೀಕ್ಷೆಯು ಸುಲಭ. ಫೋನನ್ನು 'ಏರೋಪ್ಲೇನ್ ಮೋಡ್'ಗೆ ಹಾಕಿ, ಪುಟವನ್ನು ತೆರೆದು, ನಾಲ್ಕು ಅಂಕಿಗಳನ್ನು ಬರೆದು, ಮುಚ್ಚಿ, ಮತ್ತೆ ತೆರೆಯಿರಿ. ಬರೆದುದು ಕಾಣದಿದ್ದರೆ ಅಂಥ ಅಪ್ಲಿಕೇಷನ್ ಹೊಲಕ್ಕೆ ಯೋಗ್ಯವಲ್ಲ. ಇದನ್ನು ಮಾಡಿಸುವ ಅಧಿಕಾರಿಗಳೂ ಉಪಯೋಗಿಸುವ ಸಿಬ್ಬಂದಿಯವರೂ ಹಂಗಾಮಿಗೆ ಮುಂಚೆಯೇ ಈ ಪರೀಕ್ಷೆಯನ್ನು ನಡೆಸಿದಲ್ಲಿ, ಯಾವ ರೈತನ ನಷ್ಟವೂ ಲೆಕ್ಕದಿಂದ ತಪ್ಪಿಹೋಗದು.