ಫೋರಮ್ ಆಫ್ ಫ್ರೀ ಎಂಟರ್‌ಪ್ರೈಸ್

ಫೋರಮ್ ಆಫ್ ಫ್ರೀ ಎಂಟರ್‌ಪ್ರೈಸ್ 1956ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ, ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಸಂಸ್ಥೆಯಾಗಿದೆ. ಹೆಸರನ್ನು ಕನ್ನಡದಲ್ಲಿ ‘ಮುಕ್ತ ಉದ್ಯಮ ವೇದಿಕೆ’ ಎಂದು ಹೇಳಬಹುದು. ಸಾರ್ವಜನಿಕ ಉಪನ್ಯಾಸಗಳು, ಅಗ್ಗದ ಕಿರುಪುಸ್ತಿಕೆಗಳು ಹಾಗೂ ಕಾಲೇಜು ವಿದ್ಯಾರ್ಥಿಗಳಿಗಾಗಿ ನಡೆಸುವ ಭಾಷಣ ಮತ್ತು ಪ್ರಬಂಧ ಸ್ಪರ್ಧೆಗಳ ಮೂಲಕ ಆರ್ಥಿಕ ವಿಷಯಗಳಲ್ಲಿ ಜನಾಭಿಪ್ರಾಯ ರೂಪಿಸುವುದು ಇದರ ಕಾರ್ಯ. ಇದು ರಾಜಕೀಯ ಪಕ್ಷವಲ್ಲ, ವ್ಯಾಪಾರಿಗಳ ಸಂಘವೂ ಅಲ್ಲ. ನ್ಯಾಯವಾದಿ ನಾನಿ ಪಾಲ್ಖಿವಾಲಾ ಅವರು ಈ ವೇದಿಕೆಯಿಂದ ಪ್ರತಿವರ್ಷ ಮಾಡುತ್ತಿದ್ದ ಮುಂಗಡಪತ್ರದ ಭಾಷಣದಿಂದಾಗಿ ಸಂಸ್ಥೆಯ ಹೆಸರು ದೇಶದಾದ್ಯಂತ ಪರಿಚಿತವಾಯಿತು.

ಮುಕ್ತ ಉದ್ಯಮ ಎಂದರೆ, ನಾಗರಿಕರು ತಮ್ಮ ಬಂಡವಾಳವನ್ನು ತಮ್ಮದೇ ಹೊಣೆಯಲ್ಲಿ ತೊಡಗಿಸಿ ಕೃಷಿ, ಕೈಗಾರಿಕೆ, ವ್ಯಾಪಾರಗಳನ್ನು ನಡೆಸುವ ವ್ಯವಸ್ಥೆ. ಇಲ್ಲಿ ಬೆಲೆಗಳು ಬಹುಮಟ್ಟಿಗೆ ಮಾರುಕಟ್ಟೆಯಲ್ಲಿ ನಿರ್ಧಾರವಾಗುತ್ತವೆ. ಸರ್ಕಾರ ನಿಯಮಗಳನ್ನು ರೂಪಿಸಿ ಅವುಗಳ ಪಾಲನೆಯನ್ನು ನೋಡಿಕೊಳ್ಳುತ್ತದೆಯೇ ಹೊರತು ತಾನೇ ಅಂಗಡಿ ತೆರೆಯುವುದಿಲ್ಲ. ಇಂಥ ವ್ಯವಸ್ಥೆಗೂ ಪ್ರಜಾಪ್ರಭುತ್ವಕ್ಕೂ ನಿಕಟ ಸಂಬಂಧವಿದೆ ಎಂಬುದು ವೇದಿಕೆಯ ಮೂಲ ವಾದ. ಜೀವನೋಪಾಯದ ಎಲ್ಲ ದಾರಿಗಳೂ ಸರ್ಕಾರದ ಕೈಯಲ್ಲೇ ಇದ್ದರೆ ಸರ್ಕಾರವನ್ನು ಟೀಕಿಸುವ ಧೈರ್ಯ ಯಾರಿಗೂ ಉಳಿಯುವುದಿಲ್ಲ ಎನ್ನುವುದು ಆ ವಾದದ ತಿರುಳು.

ಹಿನ್ನೆಲೆ

ಸಂಸ್ಥೆ ಹುಟ್ಟಿದ ಕಾಲವನ್ನು ಗಮನಿಸದೆ ಅದರ ಉದ್ದೇಶ ಅರ್ಥವಾಗುವುದಿಲ್ಲ. 1955ರ ಜನವರಿಯಲ್ಲಿ ಮದ್ರಾಸಿನ ಸಮೀಪದ ಆವಡಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನವು ‘ಸಮಾಜವಾದಿ ಮಾದರಿಯ ಸಮಾಜ’ವನ್ನು ತನ್ನ ಗುರಿಯೆಂದು ಸಾರಿತು. ಅದೇ ವರ್ಷ ಇಂಪೀರಿಯಲ್ ಬ್ಯಾಂಕು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಆಯಿತು. 1956ರ ಜನವರಿ 19ರಂದು ಹೊರಬಿದ್ದ ಸುಗ್ರೀವಾಜ್ಞೆಯ ಮೂಲಕ ಜೀವವಿಮಾ ವ್ಯವಹಾರ ಸರ್ಕಾರದ ವಶಕ್ಕೆ ಬಂತು. ಏಪ್ರಿಲ್ 30ರ ಕೈಗಾರಿಕಾ ನೀತಿ ನಿರ್ಣಯವು ಹದಿನೇಳು ಮುಖ್ಯ ಕೈಗಾರಿಕೆಗಳ ಮುಂದಿನ ಬೆಳವಣಿಗೆಯನ್ನು ಸರ್ಕಾರದ ಹೊಣೆಗೆ ಒಪ್ಪಿಸಿತು. ಎರಡನೆಯ ಪಂಚವಾರ್ಷಿಕ ಯೋಜನೆಯೂ ಆಗಲೇ ಆರಂಭವಾಯಿತು. ಸ್ವಾತಂತ್ರ್ಯ ಬಂದು ಹತ್ತು ವರ್ಷವೂ ಕಳೆದಿರಲಿಲ್ಲ. ಜವಾಹರಲಾಲ್ ನೆಹರೂ ಅವರ ಜನಪ್ರಿಯತೆ ಅಪಾರವಾಗಿತ್ತು. ವಿದ್ಯಾವಂತರಲ್ಲಿ ಹೆಚ್ಚಿನವರು ಈ ಮಾರ್ಗವನ್ನು ಒಪ್ಪಿದ್ದರು.

ಒಪ್ಪದವರೂ ಇದ್ದರು. ಅವರಲ್ಲಿ ಅರ್ಥಶಾಸ್ತ್ರಜ್ಞ ಬಿ. ಆರ್. ಶೆಣೈ ಪ್ರಮುಖರು. ಅವರು ಆಗಿನ ದಕ್ಷಿಣ ಕನ್ನಡ ಜಿಲ್ಲೆಯವರು. ಎರಡನೆಯ ಯೋಜನೆಯನ್ನು ಪರಿಶೀಲಿಸಲು ಸರ್ಕಾರವೇ ನೇಮಿಸಿದ್ದ ಅರ್ಥಶಾಸ್ತ್ರಜ್ಞರ ಮಂಡಲಿಯಲ್ಲಿ ಭಿನ್ನಮತದ ಟಿಪ್ಪಣಿ ಬರೆದ ಏಕೈಕ ಸದಸ್ಯರು ಅವರೇ. ಯೋಜನೆಯ ಸಾರ್ವಜನಿಕ ವಲಯದ ವೆಚ್ಚ 4,800 ಕೋಟಿ ರೂಪಾಯಿ. ಅದರಲ್ಲಿ 1,200 ಕೋಟಿಯನ್ನು ಕೊರತೆ ಹಣಕಾಸಿನಿಂದ, ಅಂದರೆ ಬಹುಪಾಲು ಹೊಸ ನೋಟು ಚಲಾವಣೆಗೆ ತರುವ ಮೂಲಕ ತುಂಬಿಕೊಳ್ಳುವ ಅಂದಾಜಿತ್ತು. ಇದರಿಂದ ಬೆಲೆ ಏರುತ್ತದೆ, ವಿದೇಶೀ ವಿನಿಮಯಕ್ಕೆ ಪೆಟ್ಟು ಬೀಳುತ್ತದೆ ಎಂದು ಶೆಣೈ ಎಚ್ಚರಿಸಿದರು. 1957ರ ಹೊತ್ತಿಗೆ ದೇಶ ವಿದೇಶೀ ವಿನಿಮಯದ ಬಿಕ್ಕಟ್ಟಿಗೆ ಸಿಲುಕಿತು. ಮುಂದೆ ಅವರ ಬರಹಗಳು ವೇದಿಕೆಯ ಪುಸ್ತಿಕೆಗಳಾಗಿಯೂ ಪ್ರಕಟವಾದವು.

ಸ್ಥಾಪಕ

ವೇದಿಕೆಯನ್ನು ಸ್ಥಾಪಿಸಿದವರು ಆರ್ದೇಶಿರ್ ದಾರಾಬ್‌ಶಾ ಶ್ರಾಫ್ (1899–1965). ಮುಂಬಯಿಯ ಪಾರ್ಸಿ ಸಮುದಾಯದ ಶ್ರಾಫ್ ಅವರು ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿಯೂ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿಯೂ ಓದಿ ಹಣಕಾಸು ಕ್ಷೇತ್ರದಲ್ಲಿ ಹೆಸರು ಮಾಡಿದರು. ಟಾಟಾ ಸನ್ಸ್ ಸಂಸ್ಥೆಯ ನಿರ್ದೇಶಕರಾಗಿದ್ದರು. 1944ರಲ್ಲಿ ವಿಶ್ವಬ್ಯಾಂಕು ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿಗಳಿಗೆ ಬುನಾದಿ ಹಾಕಿದ ಬ್ರೆಟನ್ ವುಡ್ಸ್ ಸಮ್ಮೇಳನಕ್ಕೆ ಭಾರತದ ನಿಯೋಗದಲ್ಲಿ ಸರ್ಕಾರೇತರ ಸದಸ್ಯರಾಗಿ ಹೋಗಿದ್ದರು.

ಅದೇ 1944ರಲ್ಲಿ ಪ್ರಕಟವಾದ ‘ಬಾಂಬೆ ಯೋಜನೆ’ಗೆ ಸಹಿ ಹಾಕಿದ ಎಂಟು ಮಂದಿಯಲ್ಲಿ ಶ್ರಾಫ್ ಅವರೂ ಒಬ್ಬರು. ಜೆ. ಆರ್. ಡಿ. ಟಾಟಾ, ಘನಶ್ಯಾಮದಾಸ್ ಬಿರ್ಲಾ, ಕಸ್ತೂರಭಾಯಿ ಲಾಲಭಾಯಿ ಮೊದಲಾದವರು ಉಳಿದವರು. ಹದಿನೈದು ವರ್ಷಗಳಲ್ಲಿ 10,000 ಕೋಟಿ ರೂಪಾಯಿ ವೆಚ್ಚಮಾಡಿ ತಲಾ ಆದಾಯವನ್ನು ಇಮ್ಮಡಿಗೊಳಿಸಬೇಕೆಂದು ಹೇಳಿದ ಆ ಯೋಜನೆಯು ಸರ್ಕಾರಕ್ಕೆ ಸಾಕಷ್ಟು ದೊಡ್ಡ ಪಾತ್ರವನ್ನೇ ಕೊಟ್ಟಿತ್ತು. ಹೀಗಾಗಿ ಶ್ರಾಫ್ ಅವರನ್ನು ಯೋಜನೆಯ ಕಲ್ಪನೆಗೇ ಶತ್ರುವೆಂದು ಚಿತ್ರಿಸುವುದು ಸರಿಯಲ್ಲ. ಸರ್ಕಾರ ದಾರಿ ತೋರುವುದಕ್ಕೂ ದಾರಿಯನ್ನೆಲ್ಲ ತಾನೇ ಆಕ್ರಮಿಸುವುದಕ್ಕೂ ಇರುವ ಅಂತರ ಅವರನ್ನು ಕಾಡಿದ ಪ್ರಶ್ನೆ. ಜೀವವಿಮೆಯ ರಾಷ್ಟ್ರೀಕರಣ ನಡೆದಾಗ ಅವರು ನ್ಯೂ ಇಂಡಿಯಾ ಅಶ್ಯೂರೆನ್ಸ್ ಕಂಪನಿಯೊಂದಿಗೆ ನಿಕಟ ಸಂಬಂಧ ಹೊಂದಿದ್ದರು ಎಂಬುದನ್ನೂ ಇಲ್ಲಿ ಹೇಳಬೇಕು. ಸ್ವಹಿತದ ಆರೋಪ ಅವರ ಮೇಲೆ ಸುಲಭವಾಗಿ ಬರುವಂತಿತ್ತು.

ಕಿರುಪುಸ್ತಿಕೆಗಳು

ವೇದಿಕೆಯ ಮೊದಲ ಸಾಧನ ಪುಸ್ತಿಕೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ, ಹತ್ತಿಪ್ಪತ್ತು ಪುಟಗಳ ಈ ಪುಸ್ತಿಕೆಗಳು ಹೆಚ್ಚಾಗಿ ಒಂದು ಭಾಷಣದ ಅಥವಾ ಲೇಖನದ ಮುದ್ರಿತ ರೂಪ. ತೆರಿಗೆ, ಹಣದುಬ್ಬರ, ಸಹಕಾರಿ ಬೇಸಾಯ, ಬ್ಯಾಂಕುಗಳ ರಾಷ್ಟ್ರೀಕರಣ ಹೀಗೆ ಆಯಾ ಕಾಲದ ಚರ್ಚೆಗಳೆಲ್ಲ ಇವುಗಳಲ್ಲಿ ಸಿಗುತ್ತವೆ. ಬೆಲೆ ಕಡಿಮೆ. ಕೆಲವೇ ರೂಪಾಯಿಗಳ ವಾರ್ಷಿಕ ಶುಲ್ಕ ಕೊಟ್ಟ ವಿದ್ಯಾರ್ಥಿಗಳಿಗೆ ಪುಸ್ತಿಕೆಗಳನ್ನು ಕಳುಹಿಸುವ ಏರ್ಪಾಡೂ ಇತ್ತು. ಅರ್ಥಶಾಸ್ತ್ರದ ಪಠ್ಯಪುಸ್ತಕಗಳು ಯೋಜನೆಯ ಗುಣಗಾನದಿಂದ ತುಂಬಿದ್ದ ದಿನಗಳಲ್ಲಿ ಇನ್ನೊಂದು ಪಕ್ಷದ ವಾದವೇನೆಂದು ತಿಳಿಯಬಯಸುವ ವಿದ್ಯಾರ್ಥಿಗೆ ಇದು ಸುಲಭವಾಗಿ ಕೈಗೆಟಕುವ ಆಕರವಾಗಿತ್ತು.

ಸಂಸ್ಥೆಯ ಕಚೇರಿ ಮುಂಬಯಿಯ ದಾದಾಭಾಯಿ ನವರೋಜಿ ರಸ್ತೆಯಲ್ಲಿತ್ತು. ಆರಂಭದಿಂದಲೂ ದಿನನಿತ್ಯದ ಕೆಲಸದ ಹೊಣೆ ಹೊತ್ತವರು ಎಂ. ಆರ್. ಪೈ. ದಶಕಗಳ ಕಾಲ ಅವರು ಈ ಸಂಸ್ಥೆಯ ಬೆನ್ನೆಲುಬಾಗಿದ್ದರು. ಪೈ ಅವರು ಬ್ಯಾಂಕ್ ಠೇವಣಿದಾರರ ಅಖಿಲ ಭಾರತ ಸಂಘವನ್ನೂ ಮುನ್ನಡೆಸಿ, ಬಳಕೆದಾರರ ಪರವಾಗಿ ಹೋರಾಡಿದರು. ಮುಕ್ತ ಉದ್ಯಮವೆಂದರೆ ಉದ್ಯಮಿಯ ಪಕ್ಷ ವಹಿಸುವುದು ಮಾತ್ರ ಎಂದು ಭಾವಿಸುವವರು ಈ ಸಂಗತಿಯನ್ನು ಗಮನಿಸಬೇಕು.

ಮುಂಗಡಪತ್ರದ ಭಾಷಣ

ಕೇಂದ್ರ ಸರ್ಕಾರದ ಮುಂಗಡಪತ್ರ ಆ ದಿನಗಳಲ್ಲಿ ಫೆಬ್ರವರಿ ತಿಂಗಳ ಕೊನೆಯಲ್ಲಿ, ಸಂಜೆ ಐದು ಗಂಟೆಗೆ ಮಂಡನೆಯಾಗುತ್ತಿತ್ತು. ಅದರ ಜೊತೆಗೆ ಬರುವ ಹಣಕಾಸು ಮಸೂದೆ ಕಾನೂನಿನ ಭಾಷೆಯಲ್ಲಿರುತ್ತದೆ. ಒಂದು ಕಲಮಿನಿಂದ ಇನ್ನೊಂದಕ್ಕೆ, ಅಲ್ಲಿಂದ ಹಳೆಯ ಕಾಯಿದೆಗೆ ಓದುಗನನ್ನು ಅಲೆದಾಡಿಸುತ್ತದೆ. ತೆರಿಗೆ ಕಟ್ಟುವವನಿಗೆ ತಾನು ಎಷ್ಟು ಕಟ್ಟಬೇಕು, ಏಕೆ ಕಟ್ಟಬೇಕು ಎಂಬುದೇ ತಿಳಿಯುವುದಿಲ್ಲ. ಈ ಕೊರತೆಯನ್ನು ನೀಗಿಸಲು ವೇದಿಕೆಯು 1958ರಲ್ಲಿ ನಾನಿ ಪಾಲ್ಖಿವಾಲಾ ಅವರ (1920–2002) ಭಾಷಣವನ್ನು ಏರ್ಪಡಿಸಿತು. ಆದಾಯ ತೆರಿಗೆಯ ಕಾನೂನನ್ನು ಕುರಿತು ಜಮ್‌ಷೆಡ್‌ಜಿ ಕಾಂಗಾ ಅವರೊಡನೆ ಪಾಲ್ಖಿವಾಲಾ ಬರೆದ ಬೃಹತ್ ಗ್ರಂಥ ಆ ವೇಳೆಗಾಗಲೇ ವಕೀಲರ ಮೇಜಿನ ಮೇಲಿತ್ತು.

ಮೊದಲ ಸಭೆ ಸೇರಿದ್ದು ಗ್ರೀನ್ಸ್ ಹೋಟೆಲಿನ ಸಣ್ಣ ಸಭಾಂಗಣದಲ್ಲಿ. ವರ್ಷ ವರ್ಷಕ್ಕೆ ಕೇಳುಗರು ಹೆಚ್ಚಿದರು. ಸಭೆ ಕ್ರಿಕೆಟ್ ಕ್ಲಬ್ಬಿನ ಆವರಣಕ್ಕೆ, ಕೊನೆಗೆ ಬ್ರೇಬೋರ್ನ್ ಕ್ರೀಡಾಂಗಣಕ್ಕೆ ಸ್ಥಳಾಂತರವಾಯಿತು. ಕಡೆಯ ವರ್ಷಗಳಲ್ಲಿ ಲಕ್ಷದ ಆಸುಪಾಸಿನ ಜನ ಸೇರುತ್ತಿದ್ದರೆಂದು ಹೇಳಲಾಗುತ್ತದೆ. ಇದು ಅಂದಾಜಿನ ಮಾತಾದರೂ, ಕ್ರಿಕೆಟ್ ನೋಡಲು ಕಟ್ಟಿದ ಮೈದಾನ ತೆರಿಗೆಯ ಲೆಕ್ಕ ಕೇಳಲು ಬಂದವರಿಂದ ತುಂಬಿತ್ತು ಎಂಬುದರಲ್ಲಿ ಸಂದೇಹವಿಲ್ಲ. ಪಾಲ್ಖಿವಾಲಾ ಅವರ ಕೈಯಲ್ಲಿ ಚೀಟಿಯೂ ಇರುತ್ತಿರಲಿಲ್ಲ. ಅಂಕಿಅಂಶಗಳನ್ನೆಲ್ಲ ನೆನಪಿನಿಂದಲೇ ಹೇಳುತ್ತ ಗಂಟೆಗೂ ಮೀರಿ ಮಾತನಾಡುತ್ತಿದ್ದರು. ಬೆಂಗಳೂರೂ ಸೇರಿದಂತೆ ಬೇರೆ ನಗರಗಳಲ್ಲಿಯೂ ಅವರ ಮುಂಗಡಪತ್ರದ ಭಾಷಣಗಳು ನಡೆದವು. ದೇಶದಲ್ಲಿ ಎರಡು ಬಜೆಟ್ ಭಾಷಣಗಳಿವೆ, ಒಂದು ಅರ್ಥಸಚಿವರದು, ಇನ್ನೊಂದು ಪಾಲ್ಖಿವಾಲಾ ಅವರದು ಎಂಬ ಮಾತು ಜನಜನಿತವಾಗಿತ್ತು. 1994ರ ಭಾಷಣ ಈ ಸಾಲಿನಲ್ಲಿ ಅವರ ಕೊನೆಯದು.

ಅವರು ಏನನ್ನು ವಿರೋಧಿಸುತ್ತಿದ್ದರು ಎಂಬುದಕ್ಕೆ 1973–74ರ ದರಗಳು ಒಳ್ಳೆಯ ನಿದರ್ಶನ. ಆಗ ಎರಡು ಲಕ್ಷ ರೂಪಾಯಿಗೆ ಮೀರಿದ ವೈಯಕ್ತಿಕ ಆದಾಯಕ್ಕೆ ಶೇಕಡಾ 85 ತೆರಿಗೆ. ಆ ತೆರಿಗೆಯ ಮೇಲೆ ಮತ್ತೆ ಶೇಕಡಾ 15 ಮೇಲ್ತೆರಿಗೆ. 85ರ ಶೇಕಡಾ 15 ಎಂದರೆ 12.75, ಒಟ್ಟು 97.75. ಆ ಮಿತಿಯಾಚೆ ನೂರು ರೂಪಾಯಿ ದುಡಿದವನಿಗೆ ಉಳಿಯುತ್ತಿದ್ದುದು ಎರಡು ರೂಪಾಯಿ ಇಪ್ಪತ್ತೈದು ಪೈಸೆ. ಸಂಪತ್ತಿನ ತೆರಿಗೆ ಬೇರೆ. ಎರಡೂ ಸೇರಿದಾಗ ಕೆಲವರ ಪಾಲಿಗೆ ತೆರಿಗೆಯು ಆದಾಯವನ್ನೇ ಮೀರುವ ಸಂಭವವಿತ್ತು. ಪ್ರಾಮಾಣಿಕನಿಗೆ ದಂಡ, ಲೆಕ್ಕ ಮುಚ್ಚಿಟ್ಟವನಿಗೆ ಬಹುಮಾನ ಎಂಬುದು ಪಾಲ್ಖಿವಾಲಾ ಅವರ ಆಕ್ಷೇಪದ ಸಾರ.

ಮುಂದೆ ದರ ಇಳಿಯಿತು: 1974–75ರಲ್ಲಿ 77, 1985ರಲ್ಲಿ 50, 1997ರಲ್ಲಿ 30. ಇದನ್ನೆಲ್ಲ ವೇದಿಕೆಯ ಗೆಲುವೆಂದು ಬರೆಯುವುದು ಅತಿಶಯೋಕ್ತಿಯಾದೀತು. ಸರ್ಕಾರವೇ ನೇಮಿಸಿದ್ದ ವಾಂಛೂ ಸಮಿತಿಯೂ 1971ರಲ್ಲಿ ಗರಿಷ್ಠ ದರವನ್ನು ಇಳಿಸುವಂತೆ ಸಲಹೆ ಮಾಡಿತ್ತು. ಆದರೆ ತಜ್ಞರ ಕೋಣೆಯಲ್ಲಿ ನಡೆಯುತ್ತಿದ್ದ ಚರ್ಚೆಯನ್ನು ಗುಮಾಸ್ತರು, ಅಂಗಡಿಕಾರರು, ವಿದ್ಯಾರ್ಥಿಗಳು ನಿಂತು ಕೇಳುವ ಮೈದಾನಕ್ಕೆ ತಂದದ್ದು ಈ ಭಾಷಣಗಳೇ.

ಪಾಲ್ಖಿವಾಲಾ ಅವರ ನ್ಯಾಯಾಲಯದ ಕೆಲಸವೂ ಇದೇ ನಂಬಿಕೆಯ ಇನ್ನೊಂದು ಮುಖ. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಅವುಗಳಲ್ಲಿ ಕರಾವಳಿ ಕರ್ನಾಟಕದಲ್ಲಿ ಹುಟ್ಟಿ ಬೆಳೆದ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಸೇರಿದ್ದವು. ಆ ಕಾಯಿದೆಯನ್ನು ಪ್ರಶ್ನಿಸಿದ ಆರ್. ಸಿ. ಕೂಪರ್ ಅವರ ಪರವಾಗಿ ಪಾಲ್ಖಿವಾಲಾ ವಾದಿಸಿ, 1970ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಗೆದ್ದರು. ಕೆಲವೇ ದಿನಗಳಲ್ಲಿ ಸರ್ಕಾರ ಹೊಸ ಸುಗ್ರೀವಾಜ್ಞೆ ತಂದು ರಾಷ್ಟ್ರೀಕರಣವನ್ನು ಉಳಿಸಿಕೊಂಡಿತು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಹೆಸರಿನಲ್ಲಿ ಪ್ರಸಿದ್ಧವಾದ ಮೊಕದ್ದಮೆಯಲ್ಲಿಯೂ ಮುಖ್ಯ ವಾದ ಅವರದೇ. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಬದಲಿಸಲಾಗದು ಎಂಬ 1973ರ ಏಪ್ರಿಲ್ 24ರ ತೀರ್ಪು ಅದರಿಂದ ಬಂದದ್ದು.

ಸ್ಮಾರಕ ಉಪನ್ಯಾಸ ಮತ್ತು ಪ್ರಶಸ್ತಿ

ಶ್ರಾಫ್ ಅವರ ನಿಧನಾನಂತರ ಅವರ ಹೆಸರಿನಲ್ಲಿ ಒಂದು ಟ್ರಸ್ಟ್ ರಚನೆಯಾಗಿ, ಪ್ರತಿವರ್ಷ ಸ್ಮಾರಕ ಉಪನ್ಯಾಸ ನಡೆಯುವ ಪದ್ಧತಿ ಬಂತು. ಬ್ಯಾಂಕಿಂಗ್, ವಿಮೆ, ಕೈಗಾರಿಕೆ, ಸಾರ್ವಜನಿಕ ಆಡಳಿತಗಳ ಅನುಭವಿಗಳನ್ನು ಆಹ್ವಾನಿಸಲಾಗುತ್ತದೆ. ಉಪನ್ಯಾಸ ಅನಂತರ ಪುಸ್ತಿಕೆಯಾಗಿ ಹೊರಬರುತ್ತದೆ. ಪಾಲ್ಖಿವಾಲಾ ಅವರ ಹೆಸರಿನಲ್ಲಿಯೂ ಸ್ಮಾರಕ ಟ್ರಸ್ಟ್ ಇದೆ. ಉಪನ್ಯಾಸದ ಜೊತೆಗೆ ನಾಗರಿಕ ಸ್ವಾತಂತ್ರ್ಯಗಳ ರಕ್ಷಣೆಗಾಗಿ ದುಡಿದವರಿಗೆ ಪ್ರಶಸ್ತಿ ನೀಡುವ ಕ್ರಮವನ್ನು ಅದು ಬೆಳೆಸಿತು. ಪ್ರಶಸ್ತಿ ಉದ್ಯಮಿಗಳಿಗಲ್ಲದೆ ನಾಗರಿಕ ಹಕ್ಕುಗಳ ಕೆಲಸಕ್ಕೆ ಮೀಸಲಾಗಿರುವುದು ಅರ್ಥಪೂರ್ಣವಾಗಿದೆ. ತುರ್ತುಪರಿಸ್ಥಿತಿ ಘೋಷಣೆಯಾದಾಗ, ತಾವು ವಾದಿಸುತ್ತಿದ್ದ ಇಂದಿರಾ ಗಾಂಧಿಯವರ ಚುನಾವಣಾ ಮೇಲ್ಮನವಿಯ ವಕಾಲತ್ತನ್ನು ಹಿಂದಿರುಗಿಸಿದವರು ಪಾಲ್ಖಿವಾಲಾ.

ವಿದ್ಯಾರ್ಥಿಗಳಿಗಾಗಿ

ಕಾಲೇಜು ವಿದ್ಯಾರ್ಥಿಗಳ ಭಾಷಣ ಸ್ಪರ್ಧೆ, ಪ್ರಬಂಧ ಸ್ಪರ್ಧೆ ಮತ್ತು ನಾಯಕತ್ವ ತರಬೇತಿ ಶಿಬಿರಗಳು ವೇದಿಕೆ ಹಾಗೂ ಅದರ ಸಹಸಂಸ್ಥೆಗಳ ಕಾರ್ಯಕ್ರಮಗಳಲ್ಲಿ ಸೇರಿವೆ. ಬಹುಮಾನದ ಮೊತ್ತ ಇಲ್ಲಿ ಮುಖ್ಯವಲ್ಲ. ಸ್ಪರ್ಧೆಗಾಗಿಯಾದರೂ ವಿದ್ಯಾರ್ಥಿ ಒಂದು ಆರ್ಥಿಕ ವಿಷಯವನ್ನು ಓದಿ, ಪರ ವಿರೋಧಗಳನ್ನು ತೂಗಿ, ನಾಲ್ಕು ಜನರ ಮುಂದೆ ನಿಂತು ಹೇಳಬೇಕಾಗುತ್ತದೆ. ಪಾಲ್ಖಿವಾಲಾ ಅವರೇ ಬಾಲ್ಯದಲ್ಲಿ ತೀವ್ರವಾಗಿ ಉಗ್ಗುತ್ತಿದ್ದವರು. ಸತತ ಪ್ರಯತ್ನದಿಂದ ಅದನ್ನು ಮೀರಿ ಮೈದಾನ ತುಂಬಿದ ಜನರನ್ನು ಹಿಡಿದಿಟ್ಟರು. ವೇದಿಕೆಯ ಮೇಲೆ ನಾಲಗೆ ತೊದಲುವ ಹುಡುಗ ಹುಡುಗಿಯರಿಗೆ ಈ ಉದಾಹರಣೆ ಯಾವ ಉಪದೇಶಕ್ಕಿಂತಲೂ ಹೆಚ್ಚಿನ ಧೈರ್ಯ ಕೊಡಬಲ್ಲದು.

ಟೀಕೆಗಳು

ವೇದಿಕೆಯು ಬಂಡವಾಳಗಾರರ ವಕ್ತಾರನೆಂಬ ಆಪಾದನೆ ಮೊದಲಿನಿಂದಲೂ ಇದೆ. ಉದ್ಯಮಿಗಳೇ ಸ್ಥಾಪಿಸಿದ ಸಂಸ್ಥೆಯಾದ್ದರಿಂದ ಇದನ್ನು ತಳ್ಳಿಹಾಕುವಂತಿಲ್ಲ. ಅದರ ಭಾಷೆ ಬಹುಮಟ್ಟಿಗೆ ಇಂಗ್ಲಿಷ್, ಅದರ ಕೇಳುಗರು ನಗರದ ವಿದ್ಯಾವಂತರು. ಆದಾಯ ತೆರಿಗೆಯ ಮಿತಿಯನ್ನೇ ಮುಟ್ಟದ ರೈತನಿಗೆ, ಕೂಲಿಯವನಿಗೆ 97.75ರ ಸಂಕಟ ದೂರದ್ದು. ಇನ್ನೊಂದು ವಿಪರ್ಯಾಸವೂ ಉಂಟು. ಲೈಸೆನ್ಸ್ ಪದ್ಧತಿಯನ್ನು ವೇದಿಕೆ ಖಂಡಿಸುತ್ತಿದ್ದಾಗ, ಲೈಸೆನ್ಸ್ ಪಡೆದ ಅನೇಕ ದೊಡ್ಡ ಉದ್ಯಮಗಳು ಪೈಪೋಟಿಯಿಲ್ಲದ ಮಾರುಕಟ್ಟೆಯ ನೆರಳಿನಲ್ಲಿ ನೆಮ್ಮದಿಯಾಗಿಯೇ ಇದ್ದವು. 1959ರಲ್ಲಿ ರಾಜಾಜಿ, ಮೀನೂ ಮಸಾನಿ ಮೊದಲಾದವರು ಸ್ವತಂತ್ರ ಪಕ್ಷ ಕಟ್ಟಿದಾಗ, ವಿಚಾರಗಳ ಹೋಲಿಕೆಯಿಂದ ವೇದಿಕೆಯನ್ನು ಆ ಪಕ್ಷದ ಅಂಗವೆಂದು ತಿಳಿದವರೂ ಇದ್ದರು. ವೇದಿಕೆಯು ಪಕ್ಷಾತೀತವಾಗಿ ಉಳಿಯುವ ನಿಲುವನ್ನೇ ಘೋಷಿಸಿಕೊಂಡಿತ್ತು. ಸ್ವತಂತ್ರ ಪಕ್ಷ 1974ರಲ್ಲಿ ಬೇರೊಂದು ಪಕ್ಷದಲ್ಲಿ ವಿಲೀನವಾಯಿತು, ವೇದಿಕೆ ಮುಂದುವರಿಯಿತು.

1991ರ ನಂತರ

1991ರ ಜುಲೈಯಲ್ಲಿ ಹೊಸ ಕೈಗಾರಿಕಾ ನೀತಿ ಬಂದು ಹೆಚ್ಚಿನ ಕೈಗಾರಿಕೆಗಳಿಗೆ ಲೈಸೆನ್ಸಿನ ಅಗತ್ಯ ತಪ್ಪಿತು. ವೇದಿಕೆ ಮೂವತ್ತೈದು ವರ್ಷ ಹೇಳುತ್ತ ಬಂದ ಮಾತುಗಳಲ್ಲಿ ಹಲವು ಸರ್ಕಾರದ ಬಾಯಿಂದಲೇ ಹೊರಟವು. ಪಾಲ್ಖಿವಾಲಾ ಅವರ ತರುವಾಯವೂ ಮುಂಗಡಪತ್ರದ ವಿಶ್ಲೇಷಣೆ ನಿಂತಿಲ್ಲ. ತೆರಿಗೆ ತಜ್ಞ ಎಚ್. ಪಿ. ರಾನಿನಾ, ಅರ್ಥಶಾಸ್ತ್ರಜ್ಞ ಎಸ್. ಎಸ್. ಭಂಡಾರೆ ಮೊದಲಾದವರು ಅದನ್ನು ನಡೆಸಿಕೊಂಡು ಬಂದರು. ಆದರೆ ಮೈದಾನ ತುಂಬುವ ಕಾಲ ಕಳೆದಿದೆ. ಮುಂಗಡಪತ್ರ ಈಗ ಫೆಬ್ರವರಿ 1ರ ಬೆಳಿಗ್ಗೆ ಹನ್ನೊಂದಕ್ಕೆ ದೂರದರ್ಶನದಲ್ಲಿ ನೇರವಾಗಿ ಬರುತ್ತದೆ, ವ್ಯಾಖ್ಯಾನವೂ ಅದರ ಬೆನ್ನಿಗೇ ಬರುತ್ತದೆ. ವೇದಿಕೆಯ ಹಳೆಯ ಪುಸ್ತಿಕೆಗಳಲ್ಲಿ ಬಹಳಷ್ಟು ಅಂತರಜಾಲದಲ್ಲಿ ಉಚಿತವಾಗಿ ಓದಲು ಸಿಗುತ್ತವೆ. ಪಂಚವಾರ್ಷಿಕ ಯೋಜನೆಗಳ ಕಾಲವನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳು ಯೋಜನಾ ಆಯೋಗದ ವರದಿಗಳೊಡನೆ ಇವನ್ನೂ ಪಕ್ಕದಲ್ಲಿಟ್ಟುಕೊಂಡು ಓದಬಹುದು.