ಎರಡು ತಕ್ಕಡಿಯಲ್ಲಿ ಒಂದು ಬಾಟಲಿ

ಅರ್ಧ ಲೀಟರಿನ ನೀರಿನ ಬಾಟಲಿ ಖಾಲಿಯಾದ ಮೇಲೆ ಒಮ್ಮೆ ಹಿಂಡಿ ನೋಡಿ. ಚರಪರ ಸದ್ದು ಮಾಡುತ್ತ ಅಂಗೈಯಲ್ಲೇ ಮುದುಡಿಕೊಳ್ಳುತ್ತದೆ. ಕೊರಳು ಮಾತ್ರ ಜಗ್ಗುವುದಿಲ್ಲ. 2000ದ ಸುಮಾರಿಗೆ ಅಮೆರಿಕದಲ್ಲಿ ಇಂಥ ಬಾಟಲಿಯ ಸರಾಸರಿ ತೂಕ 19 ಗ್ರಾಂ ಆಸುಪಾಸು ಇತ್ತು. 2014ರ ಹೊತ್ತಿಗೆ 9 ಗ್ರಾಂ ಚಿಲ್ಲರೆಗೆ ಇಳಿದಿತ್ತು. ಹಿಡಿಸುವ ನೀರು ಅಷ್ಟೇ, ಪ್ಲಾಸ್ಟಿಕ್ ಅರ್ಧ. ಬಾಟಲಿಗೊಂದು ಗ್ರಾಂ ಉಳಿದರೆ ಕೋಟಿ ಬಾಟಲಿಗೆ 10 ಟನ್ ಉಳಿಯುತ್ತದೆ. ಹೀಗಾಗಿ ಈ ಒಂದು ವಿಷಯದಲ್ಲಿ ಕಂಪನಿಗಳಿಗೆ ಪರಿಸರದ ಪಾಠ ಹೇಳಬೇಕಾಗಿಲ್ಲ, ಅವುಗಳ ಜೇಬೇ ಹೇಳುತ್ತದೆ.

ಗ್ರಾಂ ಇಳಿಸುವ ವಿದ್ಯೆ ಅಡಗಿರುವುದು ಪಿಇಟಿ ಎಂಬ ಪ್ಲಾಸ್ಟಿಕ್ಕಿನ ಗುಣದಲ್ಲಿ. ಮೊದಲು ದಪ್ಪ ಗೋಡೆಯ ಪುಟ್ಟ ನಳಿಕೆಯೊಂದನ್ನು ಅಚ್ಚು ಹಾಕುತ್ತಾರೆ, ಇದೇ ಪ್ರೀಫಾರ್ಮ್. ಕೊರಳು ಮತ್ತು ಮುಚ್ಚಳ ಕೂರುವ ತಿರುಪು ಅದರಲ್ಲಿ ಆಗಲೇ ಸಿದ್ಧವಿರುತ್ತವೆ. ಅದನ್ನು ನೂರು ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ, ಒಳಗಿನಿಂದ ಸರಳೊಂದನ್ನು ತೂರಿಸಿ ಉದ್ದಕ್ಕೆ ಎಳೆದು, ಭಾರಿ ಒತ್ತಡದ ಗಾಳಿ ಊದಿ ಅಗಲಕ್ಕೆ ಹಿಗ್ಗಿಸುತ್ತಾರೆ. ಅಡ್ಡಾದಿಡ್ಡಿ ಬಿದ್ದಿದ್ದ ಉದ್ದುದ್ದ ಅಣುಸರಪಳಿಗಳು ಈ ಎಳೆತಕ್ಕೆ ಸಾಲುಗೂಡುತ್ತವೆ. ಅರಳೆಯನ್ನು ಎಳೆದು ಹೊಸೆದರೆ ನೂಲು ಗಟ್ಟಿಯಾಗುವ ಹಾಗೆ, ಗೋಡೆ ತೆಳುವಾದಷ್ಟೂ ಬಿಗಿಯಾಗುತ್ತದೆ. ಈ ಜಾಡು ಹಿಡಿದವರು ಡ್ಯುಪಾಂಟ್ ಕಂಪನಿಯ ಎಂಜಿನಿಯರ್ ನಥಾನಿಯಲ್ ವಾಯೆತ್, ಚಿತ್ರಕಾರ ಆಂಡ್ರ್ಯೂ ವಾಯೆತ್‌ರ ಅಣ್ಣ. ಸೋಪಿನ ದ್ರಾವಣದ ಖಾಲಿ ಬಾಟಲಿಗೆ ಜಿಂಜರ್ ಏಲ್ ತುಂಬಿ ಫ್ರಿಜ್ಜಿನಲ್ಲಿಟ್ಟಾಗ ಅದು ಊದಿಕೊಂಡದ್ದೇ ಅವರ ಹುಡುಕಾಟಕ್ಕೆ ಮೊದಲು ಎನ್ನುತ್ತಾರೆ. ಪಿಇಟಿ ಬಾಟಲಿಗೆ ಅವರಿಗೆ ಪೇಟೆಂಟ್ ಸಿಕ್ಕಿದ್ದು 1973ರಲ್ಲಿ.

ಆದರೆ ಕೊರಳಿಗೆ ಈ ಎಳೆತ ತಾಗುವುದೇ ಇಲ್ಲ. ತಿರುಪಿನ ಅಳತೆ ಕೆಟ್ಟರೆ ಮುಚ್ಚಳ ಕೂರದು, ಹಾಗಾಗಿ ಅದನ್ನು ತಣ್ಣಗಿಟ್ಟು ಉಳಿದ ಭಾಗವನ್ನಷ್ಟೇ ಊದುತ್ತಾರೆ. ಅದು ದಪ್ಪಗೆ, ಭಾರವಾಗಿಯೇ ಉಳಿಯುತ್ತದೆ. ಬಹುಕಾಲ ಚಾಲ್ತಿಯಲ್ಲಿದ್ದ 28 ಮಿಲಿಮೀಟರ್ ಅಗಲದ ಕೊರಳೊಂದೇ ಸುಮಾರು 5 ಗ್ರಾಂ ತೂಗುತ್ತಿತ್ತು. ಅದರ ಎತ್ತರವನ್ನು 21 ಮಿಲಿಮೀಟರಿನಿಂದ 17ಕ್ಕೆ ತಗ್ಗಿಸಿದಾಗ ಒಂದು ಗ್ರಾಂಗಿಂತ ಹೆಚ್ಚು ಉಳಿಯಿತು. ಮುಚ್ಚಳವೂ ಗಿಡ್ಡವಾಯಿತು, ಅಲ್ಲಿಯೂ ಉಳಿತಾಯ. ಕೊಳ್ಳುವವರ ಕಣ್ಣಿಗೆ ಬೀಳದ, ಯಾವ ಜಾಹೀರಾತಿಗೂ ಒದಗದ ಈ ಬದಲಾವಣೆ ನನ್ನ ಮಟ್ಟಿಗೆ ಇಡೀ ಕಥೆಯ ಅತ್ಯಂತ ಜಾಣ ಹೆಜ್ಜೆ.

ಗೋಡೆ ಕಾಗದದಷ್ಟು ತೆಳುವಾದ ಮೇಲೆ ಒಂದರ ಮೇಲೊಂದು ಪೇರಿಸಿದ ಪೆಟ್ಟಿಗೆಗಳ ಭಾರ ತಡೆಯುವುದು ಹೇಗೆ? ಮುಚ್ಚಳ ಹಾಕುವ ಕ್ಷಣಕ್ಕೆ ಮುಂಚೆ ದ್ರವ ಸಾರಜನಕದ ಒಂದು ಹನಿ ಬಿಡುತ್ತಾರೆ. ಅದು ಅನಿಲವಾಗಿ ಸುಮಾರು ಏಳುನೂರು ಪಟ್ಟು ಹಿಗ್ಗಿ ಒಳಗಿನಿಂದ ಗೋಡೆಯನ್ನು ಸೆಟೆಸಿ ನಿಲ್ಲಿಸುತ್ತದೆ. ಮುಚ್ಚಳ ತಿರುಗಿಸಿದೊಡನೆ ಆ ಬಲ ಮಾಯ. ಬಸ್ಸಿನಲ್ಲಿ ಬಾಟಲಿ ತೆರೆದವರ ಮಡಿಲು ನೆನೆಯುವುದು ಇದರಿಂದಲೇ. ಸೋಡಾ, ಕೋಲಾಗಳಿಗೆ ಈ ಹನಿ ಬೇಕಿಲ್ಲ, ಅವುಗಳ ಅನಿಲವೇ ಸಾಕು. ಆದರೆ ತೆಳು ಗೋಡೆಯಿಂದ ಅದೇ ಅನಿಲ ಮೆಲ್ಲಗೆ ಸೋರಿಹೋಗುತ್ತದೆ, ಪಾನೀಯ ಸಪ್ಪೆಯಾಗುತ್ತದೆ. ಅಲ್ಲಿ ತೂಕ ಇಳಿಸುವ ಆಟ ಬೇಗ ಮುಗಿಯುತ್ತದೆ.

ಬಾಟಲಿಯ ಮಾತು ಬಿಟ್ಟರೆ, ನಮ್ಮ ಮನೆಗಳಿಗೆ ದಿನಾ ಬರುವ ಅತಿ ಹಗುರ ಪೊಟ್ಟಣ ಹಾಲಿನ ಪ್ಯಾಕೆಟ್. ನೂರಾರು ಗ್ರಾಂ ತೂಗುತ್ತಿದ್ದ ಗಾಜಿನ ಬಾಟಲಿಯ ಕೆಲಸವನ್ನು ಕೆಲವೇ ಗ್ರಾಂ ಪಾಲಿಥೀನ್ ಹಾಳೆ ಮಾಡುತ್ತದೆ. ಲೀನಿಯರ್ ಬಗೆಯ ಪಾಲಿಥೀನ್ ಬೆರೆಸಿದ್ದರಿಂದ ಹಾಳೆ ತೆಳುವಾದರೂ ಸುಲಭಕ್ಕೆ ತೂತಾಗುವುದಿಲ್ಲ. ಇನ್ನೂ ತೆಳುವಾಗಿಸಿ ಪ್ಯಾಕೆಟ್ ಒಡೆಯುವಂತಾದರೆ ಲಾಭವಿಲ್ಲ. ಹಸು, ಮೇವು, ನೀರು, ಡೀಸೆಲ್ ಎಲ್ಲ ಸೇರಿ ಆದ ಅರ್ಧ ಲೀಟರ್ ಹಾಲು ಚೆಲ್ಲಿಹೋದರೆ, ಅರ್ಧ ಗ್ರಾಂ ಪ್ಲಾಸ್ಟಿಕ್ ಉಳಿಸಿದ್ದು ಯಾವ ಲೆಕ್ಕಕ್ಕೂ ಬರುವುದಿಲ್ಲ. (ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆಯುವವರಿಗೊಂದು ಮಾತು: ಆ ಚೂರನ್ನು ಯಾರೂ ಆಯುವುದಿಲ್ಲ. ಅದು ಪ್ಯಾಕೆಟ್ಟಿಗೇ ಅಂಟಿಕೊಂಡಿರಲಿ.)

ಒಂದೊಂದು ಪೊಟ್ಟಣದ ತೂಕವನ್ನಷ್ಟೇ ನೋಡಿದರೆ ಎಲ್ಲವನ್ನೂ ಸೋಲಿಸುವುದು ಸ್ಯಾಶೆ. 1983ರಲ್ಲಿ ತಮಿಳುನಾಡಿನ ಕಡಲೂರಿನಲ್ಲಿ ಹುಟ್ಟಿದ ಚಿಕ್ ಶಾಂಪೂ ಹಳ್ಳಿಹಳ್ಳಿಗೆ ತಲುಪಿದ್ದೇ ಸ್ಯಾಶೆಯ ಬೆನ್ನೇರಿ. ಇಂಥ ಪೊಟ್ಟಣಗಳಲ್ಲಿ ಅನೇಕವು ಪಾಲಿಯೆಸ್ಟರ್, ಅಲ್ಯೂಮಿನಿಯಂ, ಪಾಲಿಥೀನ್ ಪದರಗಳ ಬೆಸುಗೆ. ಒಂದು ಪದರ ಅಚ್ಚಿಗೆ, ಒಂದು ತೇವ ತಡೆಯಲು, ಮತ್ತೊಂದು ಅಂಚು ಅಂಟಿಸಲು. ಒಂದೇ ಪ್ಲಾಸ್ಟಿಕ್ ಈ ಮೂರೂ ಕೆಲಸ ಮಾಡಬೇಕಾದರೆ ಬಹಳ ದಪ್ಪ ಬೇಕಾದೀತು. ಆದರೆ ಬೆಸೆದ ಪದರಗಳನ್ನು ಮತ್ತೆ ಬೇರ್ಪಡಿಸುವುದು ದುಬಾರಿ ಕೆಲಸ. ಹಾಗಾಗಿ ಮರುಬಳಕೆಯ ಮಟ್ಟಿಗೆ ಅದು ಹೆಚ್ಚುಕಡಿಮೆ ಕಸವೇ.

ಕಾರ್ಖಾನೆಯ ತಕ್ಕಡಿಯಲ್ಲಿ ಗೆದ್ದದ್ದು ಗುಜರಿ ಅಂಗಡಿಯ ತಕ್ಕಡಿಯಲ್ಲಿ ಸೋಲುವುದು ಹೀಗೆ. ಚಿಂದಿ ಆಯುವವರಿಗೆ ದುಡ್ಡು ಸಿಗುವುದು ಕಿಲೋ ಲೆಕ್ಕದಲ್ಲಿ. 19 ಗ್ರಾಂ ಬಾಟಲಿಯಾದರೆ ಕಿಲೋಗೆ 53 ಸಾಕು. 9 ಗ್ರಾಂ ಬಾಟಲಿಯಾದರೆ ಸುಮಾರು 111 ಬೇಕು. ಅಷ್ಟೇ ದುಡ್ಡಿಗೆ ಎರಡು ಪಟ್ಟು ಸಲ ಬೆನ್ನು ಬಗ್ಗಬೇಕು. ಬಾಟಲಿಗೆ ಬೆಲೆಯಿದೆ, ಈಗಲೂ ಆಯುತ್ತಾರೆ. ಸ್ಯಾಶೆಗೆ, ತೆಳು ಕೈಚೀಲಕ್ಕೆ ಯಾರು ಬಗ್ಗುತ್ತಾರೆ? ನಮ್ಮ ದೇಶದ ಕಾನೂನು ಕೈಚೀಲದ ವಿಷಯದಲ್ಲಿ ಉಲ್ಟಾ ದಿಕ್ಕಿಗೆ ನಡೆದದ್ದು ಇದೇ ಕಾರಣಕ್ಕೆ: ಕನಿಷ್ಠ ದಪ್ಪ 2011ರಲ್ಲಿ 40 ಮೈಕ್ರಾನ್, 2016ರಲ್ಲಿ 50, 2021ರಲ್ಲಿ 75, 2022ರ ಕೊನೆಗೆ 120. ದಪ್ಪವಿದ್ದರೆ ಅಂಗಡಿಯವರು ಪುಕ್ಕಟೆ ಕೊಡಲು ಹಿಂಜರಿಯುತ್ತಾರೆ, ಕೊಂಡವರು ಮತ್ತೆ ಬಳಸುತ್ತಾರೆ, ಬಿಸಾಡಿದರೂ ಯಾರಾದರೂ ಆಯುತ್ತಾರೆ ಎಂಬುದು ಅದರ ಹಿಂದಿನ ಲೆಕ್ಕ.

ಹಾಗಾದರೆ ಭಾರವೇ ಒಳ್ಳೆಯದೇ? ಮತ್ತೆ ಮತ್ತೆ ತುಂಬುವುದಾದರೆ ಹೌದು. 20 ಲೀಟರಿನ ನೀರಿನ ಕ್ಯಾನ್ ಮುಕ್ಕಾಲು ಕಿಲೋ ಆಸುಪಾಸು ತೂಗುತ್ತದೆ. ಅದನ್ನು ನಲವತ್ತು ಸಲ ತುಂಬಿಸಿದರೆ ಲೀಟರಿಗೆ ಬೀಳುವ ಪ್ಲಾಸ್ಟಿಕ್ ಒಂದು ಗ್ರಾಂಗಿಂತ ಕಡಿಮೆ. ಅತಿ ಹಗುರವೆನಿಸಿದ ಅರ್ಧ ಲೀಟರ್ ಬಾಟಲಿಯಲ್ಲಿ ಲೀಟರಿಗೆ 18 ಗ್ರಾಂ. ತೊಳೆಯುವ ನೀರು, ಖಾಲಿ ಕ್ಯಾನ್ ಹೊತ್ತು ತರುವ ಟೆಂಪೋದ ಡೀಸೆಲ್ ಸೇರಿಸಿದರೆ ಈ ಅಂತರ ಕುಗ್ಗುತ್ತದೆ, ನಿಜ. ದೂರ ಹೆಚ್ಚಿದಷ್ಟೂ ಕುಗ್ಗುತ್ತದೆ. ನಮ್ಮ ಎಷ್ಟೋ ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಜನ ನಾಣ್ಯ ಹಾಕಿ ತಮ್ಮದೇ ಕ್ಯಾನಿಗೆ ನೀರು ಹಿಡಿದುಕೊಳ್ಳುತ್ತಾರೆ. ಅಲ್ಲಿ ಆ ಟೆಂಪೋ ಕೂಡ ಬೇಕಿಲ್ಲ.